ಸ್ವಿಚ್ ಆಫ್ ಇದ್ದರೂ ಎಲ್‌ಇಡಿ ಬಲ್ಬ್ ಮಿಣುಕುತ್ತೆ, ಹೋಲ್ಡರ್ ಮುಟ್ಟಿದರೆ ಜುಮ್ ಅನ್ನುತ್ತೆ. ಏನು ಮಾಡಲಿ?

ಹಜಾರದ_ದೀಪ

ಎಲ್ಲರಿಗೂ ನಮಸ್ಕಾರ. ಹಜಾರದಲ್ಲಿದ್ದ ಹಳೇ 60 ವ್ಯಾಟಿನ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿ ಒಂದು ವಾರ ಆಯ್ತು. ರಾತ್ರಿ ಸ್ವಿಚ್ ಆರಿಸಿ ಮಲಗಿದ ಮೇಲೆ ನೋಡಿದರೆ ಬಲ್ಬ್ ಪೂರ್ತಿ ಆರಿರಲ್ಲ, ಮಿಂಚುಹುಳದಷ್ಟು ಬೆಳಕು ಹಾಗೇ ಉಳಿದಿರುತ್ತೆ. ಬಲ್ಬೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ಹಾಕಿದೆ. ಅದೂ ಹಾಗೇ.

ನಿನ್ನೆ ಹೊಸ ತೂಗುದೀಪ ಹಾಕೋಣ ಅಂತ ಸ್ವಿಚ್ ಆಫ್ ಮಾಡಿ, ಅಲ್ಯೂಮಿನಿಯಂ ಏಣಿ ಹತ್ತಿ, ಹೋಲ್ಡರಿನ ಮುಚ್ಚಳ ಬಿಚ್ಚಿ ವೈರಿಗೆ ಕೈ ಹಾಕಿದೆ. ಬೆರಳಿಂದ ಮೊಣಕೈವರೆಗೂ ಜುಮ್ ಅಂತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದಕ್ಕೇ ಅಷ್ಟರಲ್ಲೇ ಹೋಯ್ತೇನೋ. ಏಣಿಯಿಂದ ಬೀಳಲಿಲ್ಲ, ಆದರೆ ಇಳಿದ ಮೇಲೂ ತುಂಬಾ ಹೊತ್ತು ಕೈ ನಡುಗ್ತಾ ಇತ್ತು.

ಸ್ವಿಚ್ ಆಫ್ ಇದ್ದಾಗ ಕರೆಂಟ್ ಎಲ್ಲಿಂದ ಬಂತು? ಸ್ವಿಚ್ ಹಾಳಾಗಿದೆಯಾ? ಇನ್ನೊಂದು ಗೊಂದಲ: ಹೊಸ ದೀಪ ಲೋಹದ್ದು, ಅದರಲ್ಲಿ ಕಂದು, ನೀಲಿ, ಹಸಿರು-ಹಳದಿ ಪಟ್ಟೆಯ ಮೂರು ವೈರ್ ಇವೆ. ನಮ್ಮ ಛಾವಣಿಯಿಂದ ಬಂದಿರೋದು ಕೆಂಪು, ಕಪ್ಪು ಎರಡೇ.

ಹಳೇ_ವೈರ್‌ಮನ್

ಸರ್, ದೀಪ ಹಾಕೋ ಕೆಲಸ ಅಲ್ಲಿಗೇ ನಿಲ್ಲಿಸಿ. ಹೋಲ್ಡರಿನ ಮುಚ್ಚಳ ಬಿಚ್ಚಿಟ್ಟೇ ಇದ್ದರೆ ಅದರ ತಂಟೆಗೆ ಯಾರೂ ಹೋಗದ ಹಾಗೆ ನೋಡಿಕೊಳ್ಳಿ.

ನೀವು ಹೇಳಿದ ಲಕ್ಷಣ ನೋಡಿದರೆ ಸ್ವಿಚ್ ಹಾಳಾಗಿಲ್ಲ, ಸ್ವಿಚ್ ತಪ್ಪು ವೈರಿನಲ್ಲಿ ಕೂತಿದೆ. ದೀಪಕ್ಕೆ ಕರೆಂಟ್ ತರೋ ಫೇಸ್, ಅದನ್ನು ವಾಪಸ್ ಒಯ್ಯೋ ನ್ಯೂಟ್ರಲ್, ಹೀಗೆ ಎರಡು ವೈರ್ ಬೇಕು. ಸ್ವಿಚ್ ಇರಬೇಕಾದ್ದು ಫೇಸಿನಲ್ಲಿ. ಆಗ ಆಫ್ ಮಾಡಿದರೆ ಹೋಲ್ಡರಿಗೆ ಫೇಸ್ ಬರೋದೇ ನಿಲ್ಲುತ್ತೆ. ನಿಮ್ಮಲ್ಲಿ ಯಾರೋ ನ್ಯೂಟ್ರಲನ್ನು ಸ್ವಿಚ್ಚಿಗೆ ಇಳಿಸಿ, ಫೇಸನ್ನು ನೇರ ಹೋಲ್ಡರಿಗೆ ಕೊಟ್ಟಿರಬೇಕು. ಸ್ವಿಚ್ ಹಾಕಿದರೆ ದೀಪ ಉರಿಯುತ್ತೆ, ತೆಗೆದರೆ ಆರುತ್ತೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲ್ಲ. ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಗಲೂ ರಾತ್ರಿ ಇದ್ದೇ ಇರುತ್ತೆ. ದೀಪ ಆರಿದೆ ಅಂದರೆ ಅದರ ಮೂಲಕ ಕರೆಂಟ್ ಹರೀತಿಲ್ಲ ಅಂತ ಅಷ್ಟೇ. ನೀವು ಕೈ ಇಟ್ಟಿರಿ, ಹರಿಯೋಕೆ ದಾರಿ ಸಿಕ್ಕಿತು.

ನಾನು ಈ ಕೆಲಸಕ್ಕೆ ಬಂದು 28 ವರ್ಷ. ಎಷ್ಟೋ ಮನೆಗಳಲ್ಲಿ ಇದೇ ತಪ್ಪು ನೋಡಿದ್ದೀನಿ, ಮನೆಯವರು ಬಲ್ಬ್ ಬದಲಿಸುವಾಗ ಪಿನ್ ಮುಟ್ಟಿ ಹೊಡೆಸಿಕೊಂಡ ಮೇಲೇ ಗೊತ್ತಾಗೋದು.

ನೀಲಿ_ಬಾಗಿಲು

ನಮ್ಮ ಮನೇಲೂ ಮಿಣುಕ್ತಿತ್ತು, ಆದರೆ ಕಾರಣ ಬೇರೆ ಇತ್ತು. ಕತ್ತಲಲ್ಲಿ ಕೈಗೆ ಸಿಗಲಿ ಅಂತ ಪುಟ್ಟ ಇಂಡಿಕೇಟರ್ ಇರೋ ಸ್ವಿಚ್ ಹಾಕಿಸಿದ್ವಿ. ಸ್ವಿಚ್ ಆಫ್ ಇದ್ದಾಗ ಆ ಇಂಡಿಕೇಟರ್ ಉರಿಯೋಕೆ ಬೇಕಾದ ಚೂರು ಕರೆಂಟ್ ಬಲ್ಬಿನ ಮೂಲಕವೇ ಹೋಗಬೇಕಂತೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದ ಮೇಲೆ ಸರಿಹೋಯ್ತು. ಹಾಗಾಗಿ ಮಿಣುಕಿದ ಕೂಡಲೇ ವೈರ್ ಅದಲು ಬದಲಾಗಿದೆ ಅನ್ನೋಕಾಗಲ್ಲ ಅಲ್ವಾ?

ಹಳೇ_ವೈರ್‌ಮನ್

ಸರಿಯಾಗಿ ಹೇಳಿದ್ರಿ ಮೇಡಂ. ಮಿಣುಕೋದು ಬರೀ ಸುಳಿವು. ನ್ಯೂಟ್ರಲ್ ವೈರ್ ಬೇಡದೆ ಕೆಲಸ ಮಾಡೋ ಸ್ಮಾರ್ಟ್ ಸ್ವಿಚ್ ಹಾಕಿದರೂ ಹೀಗಾಗುತ್ತೆ, ಅದು ತನಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳ್ಕೊಳ್ಳುತ್ತೆ. ಆದರೆ ಇವರಿಗೆ ಕೈಗೆ ಹೊಡೆದಿದೆ, ಅದಕ್ಕೇ ನಾನು ಫೇಸ್ ಕಡೆ ಬೆರಳು ತೋರಿಸಿದ್ದು.

ಭೌತಶಾಸ್ತ್ರದ_ಮೇಷ್ಟ್ರು

ಹಳೇ ಬಲ್ಬಿನಲ್ಲಿ ಕಾಣದ್ದು ಎಲ್‌ಇಡಿಯಲ್ಲಿ ಯಾಕೆ ಕಾಣುತ್ತೆ ಅಂತ ಸ್ವಲ್ಪ ವಿವರಿಸಲೇ. ಒಂದೇ ಪೈಪಿನಲ್ಲಿ ಅಕ್ಕಪಕ್ಕ ಮಲಗಿರುವ ಎರಡು ವೈರುಗಳ ನಡುವೆ ಪಿವಿಸಿ ಹೊದಿಕೆ ಇರುತ್ತದೆ. ಎರಡು ಲೋಹ, ನಡುವೆ ಅವಾಹಕ: ಅದೊಂದು ಪುಟ್ಟ ಕೆಪಾಸಿಟರ್. ಎಸಿ ವಿದ್ಯುತ್ತು ಕೆಪಾಸಿಟರನ್ನು ದಾಟಿಕೊಂಡು ಅಲ್ಪಸ್ವಲ್ಪ ಹರಿಯುತ್ತದೆ. ಸ್ವಿಚ್ ನ್ಯೂಟ್ರಲಿನಲ್ಲಿದ್ದರೆ ಬಲ್ಬಿನ ಒಂದು ತುದಿ ಸದಾ ಫೇಸಿನಲ್ಲಿದ್ದು, ಇನ್ನೊಂದು ತುದಿಯಿಂದ ಸ್ವಿಚ್ಚಿನವರೆಗೆ ಇಳಿದ ವೈರ್ ಗೋಡೆಯೊಂದಿಗೂ ಪಕ್ಕದ ವೈರುಗಳೊಂದಿಗೂ ಹೀಗೆ ಬೆಸೆದುಕೊಂಡು ಆ ಸಣ್ಣ ಕರೆಂಟಿಗೆ ದಾರಿ ಕೊಡುತ್ತದೆ. ಸ್ವಿಚ್ ಫೇಸಿನಲ್ಲೇ ಸರಿಯಾಗಿದ್ದರೂ, ಫೇಸ್ ವೈರೂ ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ವೈರೂ ತುಂಬಾ ದೂರ ಜೊತೆಜೊತೆಗೆ ಸಾಗಿದ್ದರೆ ತುಸು ಮಿಣುಕುವುದುಂಟು.

ತಂತಿಯ ಬಲ್ಬಿಗೆ ಕೆಂಪಗಾಗಲೂ ಹಲವು ವ್ಯಾಟ್ ಬೇಕು, ಈ ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎಲ್‌ಇಡಿ ಚಿಪ್ ಮಿಲಿವ್ಯಾಟ್‌ಗಳಲ್ಲೇ ಕಣ್ಣಿಗೆ ಕಾಣುವಷ್ಟು ಬೆಳಗುತ್ತದೆ. ಹಳೇ ಬಲ್ಬ್ ಇದ್ದಾಗಲೂ ತಪ್ಪು ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ.

ಕಿರಿಯ_ಕೈ

ಇಷ್ಟೆಲ್ಲ ಯಾಕೆ, ಹೋಲ್ಡರಿನಲ್ಲಿ ಎರಡು ವೈರ್ ಅದಲು ಬದಲು ಮಾಡಿ ಹಾಕಿದರೆ ಆಯ್ತಲ್ಲ? ಐದು ನಿಮಿಷದ ಕೆಲಸ.

ಹಳೇ_ವೈರ್‌ಮನ್

ತಮ್ಮಾ, ಹೋಲ್ಡರಿನಲ್ಲಿ ಬದಲಿಸಿದರೆ ಎಡಗಡೆ ಪಿನ್ನಿನಲ್ಲಿದ್ದ ಫೇಸ್ ಬಲಗಡೆ ಪಿನ್ನಿಗೆ ಬರುತ್ತೆ ಅಷ್ಟೇ. ಸ್ವಿಚ್ ಕತ್ತರಿಸ್ತಾ ಇರೋದು ಆಗಲೂ ನ್ಯೂಟ್ರಲನ್ನೇ. ತಪ್ಪು ಎಲ್ಲಿ ಆಗಿದೆಯೋ ಅಲ್ಲೇ ಸರಿ ಮಾಡಬೇಕು.

ಅದನ್ನು ಹುಡುಕೋದು ಹೀಗೆ. ಇದೊಂದೇ ದೀಪಕ್ಕಾ, ಆ ಬೋರ್ಡಿನ ಎಲ್ಲ ದೀಪಕ್ಕಾ, ಇಡೀ ಮನೆಗಾ ಅಂತ ಮೊದಲು ನೋಡಬೇಕು. ಒಂದೇ ದೀಪ ಆದರೆ ಸ್ವಿಚ್ ಬೋರ್ಡಿನಲ್ಲೋ ಜಂಕ್ಷನ್ ಬಾಕ್ಸಿನಲ್ಲೋ ಅದಲು ಬದಲಾಗಿರುತ್ತೆ. ಒಂದು ಸರ್ಕ್ಯೂಟ್ ಪೂರ್ತಿ ಹಾಗಿದ್ದರೆ ಮನೆಗೆಲ್ಲ ಕರೆಂಟ್ ಹಂಚೋ ಡಿಬಿ ಪೆಟ್ಟಿಗೆಯಲ್ಲೇ ತಿರುಗಿಸಿ ಹಾಕಿರ್ತಾರೆ, ಅದು ಇನ್ನೂ ಕೆಟ್ಟದ್ದು. ದೀಪದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳೋ ಸ್ವಿಚ್) ಸಾಮಾನ್ಯವಾಗಿ ಸಿಂಗಲ್ ಪೋಲ್, ಒಂದೇ ವೈರನ್ನು ಕತ್ತರಿಸುತ್ತೆ. ಅಲ್ಲಿ ನ್ಯೂಟ್ರಲ್ ಕೂತಿದ್ದರೆ ಎಂಸಿಬಿ ಇಳಿಸಿದ ಮೇಲೂ ಇಡೀ ಸರ್ಕ್ಯೂಟಿನಲ್ಲಿ ಫೇಸ್ ಇರುತ್ತೆ. ಅದಕ್ಕೇ ಇಂಥ ಅನುಮಾನ ಇರೋ ಮನೇಲಿ ಎಂಸಿಬಿ ನಂಬದೆ, ಎರಡೂ ವೈರ್ ಕತ್ತರಿಸೋ ಡಬಲ್ ಪೋಲ್ ಮೇನ್ ಸ್ವಿಚ್ಚನ್ನೇ ಇಳಿಸಬೇಕು.

ಇಳಿಸಿದ ಮೇಲೂ ನೇರ ಕೈ ಹಾಕಬೇಡಿ. ಟೆಸ್ಟರನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಜಾಗದಲ್ಲಿ ಇಟ್ಟು ಉರಿಯುತ್ತೆ ಅಂತ ನೋಡಿ. ಆಮೇಲೆ ಕೆಲಸ ಮಾಡೋ ವೈರಿಗೆ ಇಡಿ. ಆಮೇಲೆ ಇನ್ನೊಂದು ಸಲ ಕರೆಂಟ್ ಇರೋ ಜಾಗಕ್ಕೆ ತಂದು ಉರಿಯುತ್ತಾ ನೋಡಿ. ಮೂರನೇದು ಯಾಕೆ ಅಂದರೆ ಮಧ್ಯದಲ್ಲೇ ಟೆಸ್ಟರ್ ಕೆಟ್ಟಿದ್ದರೆ ನಿಮಗೆ ಗೊತ್ತಾಗಲ್ಲ. ಮೇನ್ ಇಳಿಸಿದರೆ ಮನೆಯಲ್ಲಿ ಕರೆಂಟ್ ಇರೋ ಜಾಗ ಉಳಿಯಲ್ಲ ಅನ್ನೋದೂ ನಿಜ, ಆಗ ನಾವು ಮೇನಿನ ಮೇಲಿನ ತುದಿಯಲ್ಲಿ ನೋಡ್ತೀವಿ. ಅಲ್ಲಿ ಕೈ ಆಡಿಸೋದು ಅಭ್ಯಾಸ ಇಲ್ಲದವರ ಕೆಲಸ ಅಲ್ಲ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಅನ್ನೋದು ಇದಕ್ಕೇ.

ಬಯಲು_ಗಾಳಿ

ಇದಕ್ಕೊಂದು ಮಾತು ಸೇರಸ್ತೀನ್ರಿ. ನಾನು ಒಮ್ಮೆ ಕರೆಂಟ್ ಹೋಗೇದ ಅಂತ ಮೇನ್ ಇಳಸದ ಹಂಗ ಸ್ವಿಚ್ ಬದಲ ಮಾಡಾಕ ಕುಂತಿದ್ದೆ. ಸ್ಕ್ರೂ ಬಿಗಿ ಮಾಡೂ ಹೊತ್ತಿಗೆ ಕರೆಂಟ್ ಬಂತು. ಸ್ಕ್ರೂಡ್ರೈವರ್ ಕೈಯಾಗಿಂದ ಹಾರಿ ಹೋತು, ಹೆಬ್ಬೆರಳು ಸುಟ್ಟಿತ್ತು. ಕರೆಂಟ್ ಹೋಗೂದು ಬ್ಯಾರೆ, ನಾವು ತೆಗಿಯೂದು ಬ್ಯಾರೆ. ಈಗ ಮೇನ್ ಇಳಿಸಿ ಅದರ ಮ್ಯಾಲೆ ಟೇಪ್ ಹಚ್ಚಿ, ಮನ್ಯಾಗ ಎಲ್ಲಾರಿಗೂ ಹೇಳಿನ ಏಣಿ ಹತ್ತತೀನಿ. ಯಾರರ ಬಂದು ಯಾಕ ಕತ್ತಲ ಐತಿ ಅಂತ ಮ್ಯಾಲೆ ಎತ್ತಿಬಿಟ್ರ ಮುಗೀತು.

ಹಜಾರದ_ದೀಪ

ಮಾರನೇ ದಿನದ ವರದಿ. ಮೇನ್ ಇಳಿಸಿ, ಟೇಪ್ ಹಚ್ಚಿ, ಮಗಳನ್ನು ಡಿಬಿ ಹತ್ತಿರ ನಿಲ್ಲಿಸಿ, ಮರದ ಏಣಿ ತಂದು ಹತ್ತಿದೆ. ಯಾವುದನ್ನೂ ಬಿಚ್ಚಲಿಲ್ಲ, ಟೆಸ್ಟರ್ ಮಾತ್ರ ಇಟ್ಟು ನೋಡಿದೆ. ಹೋಲ್ಡರಿನಲ್ಲಿ ಟೆಸ್ಟರ್ ಇನ್ನೂ ಉರೀತಿದೆ! ಮೇನ್ ಪೂರ್ತಿ ಇಳಿದಿದೆ, ಫ್ರಿಜ್ ನಿಂತಿದೆ. ಇದು ಹೇಗೆ?

ಹಳೇ_ವೈರ್‌ಮನ್

ಮನೇಲಿ ಇನ್ವರ್ಟರ್ ಇದೆಯಾ?

ಹಜಾರದ_ದೀಪ

ಇದೆ. ಹಜಾರ, ಅಡುಗೆಮನೆ ದೀಪಗಳು ಅದರ ಮೇಲಿವೆ.

ಹಳೇ_ವೈರ್‌ಮನ್

ಹಾಗಾದರೆ ನೀವು ಮೇನ್ ಇಳಿಸಿದ ಕ್ಷಣದಲ್ಲೇ ಇನ್ವರ್ಟರ್ ಕರೆಂಟ್ ಹೋಯ್ತು ಅಂದುಕೊಂಡು ಬ್ಯಾಟರಿಯಿಂದ ಹಜಾರದ ದೀಪಕ್ಕೆ ಕೊಡೋಕೆ ಶುರು ಮಾಡಿದೆ. ಬ್ಯಾಟರಿ 12 ವೋಲ್ಟ್ ಅಂತ ಹಗುರ ಮಾಡಬೇಡಿ, ಹೊರಗೆ ಬರೋದು 230 ವೋಲ್ಟೇ. ಅದು ಹೊಡೆದರೂ ಅಷ್ಟೇ ಹೊಡೆಯುತ್ತೆ.

ಇದಕ್ಕೆ ಎರಡೂ ಕಡೆ ಇಳಿಸಬೇಕು. ಬರೀ ಇನ್ವರ್ಟರಿನ ಮುಂದಿನ ಗುಂಡಿ ಆಫ್ ಮಾಡಿ ಮೇನ್ ಬಿಟ್ಟರೆ, ಬಹಳ ಇನ್ವರ್ಟರುಗಳು ಹೊರಗಿನ ಕರೆಂಟನ್ನು ನೇರ ದಾಟಿಸ್ತಾ ಇರ್ತವೆ. ಬರೀ ಮೇನ್ ಇಳಿಸಿದರೆ ಬ್ಯಾಟರಿ ಕೊಡುತ್ತೆ. ಮೇನ್ ಇಳಿಸಿ, ಇನ್ವರ್ಟರಿನ ಗುಂಡಿ ಆಫ್ ಮಾಡಿ, ಅದರ ಔಟ್‌ಪುಟ್‌ಗೆ ಬೇರೆ ಎಂಸಿಬಿ ಇದ್ದರೆ ಅದನ್ನೂ ಇಳಿಸಿ. ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇರೋರು ಅದನ್ನು ಕತ್ತರಿಸೋ ಐಸೊಲೇಟರ್ ಸ್ವಿಚ್ಚನ್ನೂ ಲೆಕ್ಕಕ್ಕೆ ತಗೊಳ್ಳಿ.

ಬಿಚ್ಚೋ ಮೊದಲು ಟೆಸ್ಟರ್ ಇಟ್ಟು ನೋಡಿದ್ದಕ್ಕೆ ನನಗೆ ನಿಜವಾಗಲೂ ಸಂತೋಷ ಆಯ್ತು ಸರ್.

ಭೌತಶಾಸ್ತ್ರದ_ಮೇಷ್ಟ್ರು

ಟೆಸ್ಟರಿನ ಮಿತಿಯನ್ನೂ ಹೇಳಿಬಿಡುತ್ತೇನೆ. ಅದರೊಳಗೆ ನಿಯಾನ್ ದೀಪ ಮತ್ತು ಅದರ ಹಿಂದೆ ಲಕ್ಷಾಂತರ ಓಮ್‌ಗಳ ರೆಸಿಸ್ಟರ್ ಇರುತ್ತದೆ. ನಿಮ್ಮ ದೇಹದ ಮೂಲಕವೇ ಕರೆಂಟ್ ನೆಲಕ್ಕೆ ಹೋಗಿ ನಿಯಾನ್ ಉರಿಯುತ್ತದೆ, ಆದರೆ ರೆಸಿಸ್ಟರ್ ಅದನ್ನು ನಮಗೆ ಗೊತ್ತೇ ಆಗದಷ್ಟು ಸಣ್ಣದಾಗಿಸುತ್ತದೆ. ಬಿಸಿಲಲ್ಲಿ ಆ ಬೆಳಕು ಕಾಣದೇ ಹೋಗಬಹುದು. ಒಣ ಮರದ ಏಣಿಯ ಮೇಲೆ ಚಪ್ಪಲಿ ಹಾಕಿ ನಿಂತಾಗ ಮಂಕಾಗಬಹುದು. ಪಕ್ಕದ ವೈರಿನ ಪ್ರಭಾವದಿಂದ ಕರೆಂಟ್ ಇಲ್ಲದ ವೈರಿನಲ್ಲೂ ನಸುವಾಗಿ ಉರಿಯಬಹುದು. ಡಿಜಿಟಲ್ ಮಲ್ಟಿಮೀಟರ್ ಕೂಡ ಇಂಥ, ಯಾವುದಕ್ಕೂ ಸೇರದೆ ತೇಲುವ ವೈರಿನಲ್ಲಿ ಹತ್ತಾರು ವೋಲ್ಟ್ ತೋರಿಸಿ ಗೊಂದಲ ಮಾಡುತ್ತದೆ. ಟೆಸ್ಟರ್ ಉರಿದರೆ ಕರೆಂಟ್ ಇದೆ ಎಂದೇ ತಿಳಿಯಿರಿ, ಉರಿಯದಿದ್ದರೆ ಇಲ್ಲ ಎಂದು ಅದೊಂದರಿಂದಲೇ ತೀರ್ಮಾನಿಸಬೇಡಿ.

ಹಜಾರದ_ದೀಪ

ಎಲೆಕ್ಟ್ರಿಷಿಯನ್ ಬಂದು ಹೋದರು. ನೀವು ಹೇಳಿದ್ದೇ ಸರಿ. ಜಂಕ್ಷನ್ ಬಾಕ್ಸಿನಲ್ಲಿ ಫೇಸ್ ನೇರ ಹೋಲ್ಡರಿಗೆ ಹೋಗಿತ್ತು, ನ್ಯೂಟ್ರಲ್ ಸ್ವಿಚ್ಚಿಗೆ ಇಳಿದಿತ್ತು. ಜಾಯಿಂಟ್ ಬಿಚ್ಚಿದಾಗ ಟೇಪ್ ಒಣಗಿ ಪುಡಿಪುಡಿಯಾಗಿ ಉದುರಿತು, ಒಳಗಿನ ತಾಮ್ರ ಕಪ್ಪಗಾಗಿತ್ತು. ಅದನ್ನು ಕತ್ತರಿಸಿ, ಹೊಸದಾಗಿ ಕನೆಕ್ಟರ್ ಹಾಕಿ ಸರಿ ಮಾಡಿದರು. ಈಗ ಸ್ವಿಚ್ ಆಫ್ ಮಾಡಿದರೆ ಬಲ್ಬ್ ಪೂರ್ತಿ ಆರುತ್ತೆ.

ಆದರೆ ತೂಗುದೀಪ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಛಾವಣಿಗೆ ಅರ್ಥಿಂಗ್ ವೈರ್ ಇಲ್ಲ. ಹಸಿರು-ಹಳದಿ ವೈರ್ ಹಾಗೇ ಮಡಿಸಿಟ್ಟು ಬಿಡಬಹುದಾ?

ಕಿರಿಯ_ಕೈ

ಅದನ್ನು ನ್ಯೂಟ್ರಲ್ ಜೊತೆ ಸೇರಿಸಿಬಿಡಿ. ಕೊನೆಗೆ ಎರಡೂ ಭೂಮಿಗೇ ಹೋಗೋದು ತಾನೆ?

ಹಳೇ_ವೈರ್‌ಮನ್

ಬೇಡ. ದಯವಿಟ್ಟು ಬೇಡ. ಇದನ್ನು ಓದಿ ಯಾರಾದರೂ ಮಾಡಿಬಿಟ್ಟಾರು ಅಂತ ಭಯ ಆಗುತ್ತೆ, ಅದಕ್ಕೇ ಬಿಡಿಸಿ ಹೇಳ್ತೀನಿ.

ದೀಪದ ಲೋಹದ ಮೈಯನ್ನು ನ್ಯೂಟ್ರಲಿಗೆ ಸೇರಿಸಿದ್ದೀರಿ ಅಂದುಕೊಳ್ಳಿ. ಒಂದು ದಿನ ಎಲ್ಲೋ ಹಿಂದೆ ನ್ಯೂಟ್ರಲ್ ಜಾಯಿಂಟ್ ಸಡಿಲ ಆಯ್ತು, ಕಿತ್ತುಹೋಯ್ತು. ದೀಪ ಉರಿಯಲ್ಲ. ಆದರೆ ಸ್ವಿಚ್ ಆನ್ ಇದೆ, ಫೇಸ್ ಬಲ್ಬಿನ ಮೂಲಕ ದಾಟಿ ನ್ಯೂಟ್ರಲ್ ವೈರಿಗೆ ಬಂದು ನಿಂತಿದೆ, ಅಲ್ಲಿಂದ ದೀಪದ ಮೈಗೆ. ದೀಪ ಯಾಕೆ ಉರೀತಿಲ್ಲ ಅಂತ ನೋಡೋಕೆ ನೀವು ಏಣಿ ಹತ್ತಿ ಅದನ್ನೇ ಹಿಡ್ಕೋತೀರಿ. ನ್ಯೂಟ್ರಲ್ ಕೆಲಸ ಕರೆಂಟ್ ವಾಪಸ್ ಒಯ್ಯೋದು, ದಿನವೂ ಅದರಲ್ಲಿ ಕರೆಂಟ್ ಓಡಾಡ್ತಾ ಇರುತ್ತೆ. ಅರ್ಥ್ ವೈರಿನಲ್ಲಿ ಎಲ್ಲ ಸರಿ ಇದ್ದಾಗ ಕರೆಂಟ್ ಹರಿಯೋ ಹಾಗೇ ಇಲ್ಲ, ಏನಾದರೂ ಕೆಟ್ಟಾಗ ಮಾತ್ರ ಅದರ ಪಾಳಿ. ಎರಡೂ ಸೇರೋ ಜಾಗ ಸಪ್ಲೈ ಕೊಡೋರ ಕಡೆ ಇರುತ್ತೆ, ದೀಪದ ತುದಿಯಲ್ಲಲ್ಲ. ಇದರ ಉಲ್ಟಾನೂ ನೋಡಿದ್ದೀನಿ, ನ್ಯೂಟ್ರಲ್ ಸಿಗಲಿಲ್ಲ ಅಂತ ಫೇಸ್ ಮತ್ತು ಅರ್ಥ್ ನಡುವೆ ದೀಪ ಉರಿಸಿರೋರು. ಅರ್ಥ್ ಕಿತ್ತುಹೋದ ದಿನ ಮನೆಯ ಲೋಹದ ಸಾಮಾನಿಗೆಲ್ಲ ಫೇಸ್ ಬರುತ್ತೆ.

ಹಜಾರದ ಸರ್, ನಿಮಗೆ ಎರಡು ದಾರಿ. ಪೈಪಿನಲ್ಲಿ ಜಾಗ ಇದ್ದರೆ ಬೋರ್ಡಿನಿಂದ ಛಾವಣಿವರೆಗೆ ಹಸಿರು ವೈರ್ ಹೊಸದಾಗಿ ಎಳೆಸಿ, ಒಳ್ಳೇದು ಅದೇ. ಆಗಲ್ಲ ಅಂದರೆ ಆ ದೀಪ ವಾಪಸ್ ಕೊಟ್ಟು ಕ್ಲಾಸ್ 2 ದೀಪ ತನ್ನಿ. ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರುತ್ತೆ. ಒಳಗೆ ಎರಡು ಪದರದ ಇನ್ಸುಲೇಷನ್ ಇರೋದರಿಂದ ಅದಕ್ಕೆ ಅರ್ಥ್ ಬೇಡ. ಹಸಿರು-ಹಳದಿ ವೈರ್ ಇರೋ ದೀಪಕ್ಕೆ ಅರ್ಥ್ ಬೇಕು, ಮಡಿಸಿಡೋ ಹಾಗಿಲ್ಲ.

ನೀಲಿ_ಬಾಗಿಲು

ಬಣ್ಣದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಭೌತಶಾಸ್ತ್ರದ_ಮೇಷ್ಟ್ರು

ಹೌದು, ಬಿಟ್ಟುಹೋಗಿತ್ತು. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥ್. ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಬ್ರಿಟನ್ 2004ರಲ್ಲಿ ಕೆಂಪು-ಕಪ್ಪಿನಿಂದ ಕಂದು-ನೀಲಿಗೆ ಬದಲಾಯಿತು. ಅಮೆರಿಕದಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್. ಅಂದರೆ ಕಪ್ಪು ವೈರ್ ಒಂದು ಕಡೆ ನ್ಯೂಟ್ರಲ್, ಇನ್ನೊಂದು ಕಡೆ ಫೇಸ್. ಹಾಗಾಗಿ ಇವರ ಮನೆಯ ಕೆಂಪಿಗೆ ದೀಪದ ಕಂದು, ಕಪ್ಪಿಗೆ ನೀಲಿ ಸೇರುತ್ತದೆ, ಅದೂ ಗೋಡೆಯ ವೈರನ್ನು ಅಳೆದು ನೋಡಿದ ಮೇಲೆ. ಇವರ ಜಂಕ್ಷನ್ ಬಾಕ್ಸಿನಲ್ಲಿ ನಡೆದದ್ದೇ ಸಾಕ್ಷಿ, ಬಣ್ಣ ಹಾಕಿದವರು ಸರಿಯಾಗಿ ಹಾಕಿರುತ್ತಾರೆ ಎಂದು ನಂಬುವಂತಿಲ್ಲ.

ಹಳೇ_ವೈರ್‌ಮನ್

ಅದಕ್ಕೆ ಸೇರಿಸಿ: ತಿರುಗಿಸಿ ಹಾಕೋ ಇ27 ಹೋಲ್ಡರ್ ಇದ್ದರೆ ಫೇಸ್ ನಡುವಿನ ಪುಟ್ಟ ತಗಡಿಗೆ ಹೋಗಬೇಕು, ನ್ಯೂಟ್ರಲ್ ಸುತ್ತಲಿನ ತಿರುಪಿನ ಮರೆಗೆ. ಬಲ್ಬ್ ತಿರುಗಿಸುವಾಗ ಬೆರಳು ತಾಗೋದು ಆ ಮರೆಗೇ.

ಇನ್ನು ತುದಿ ಕೂರಿಸೋ ವಿಷಯ. ನನ್ನ ಅನುಭವದಲ್ಲಿ ಮನೆಯ ವೈರಿಂಗಿನಲ್ಲಿ ಸುಟ್ಟಿರೋ ಜಾಗಗಳಲ್ಲಿ ಹೆಚ್ಚಿನವು ಸ್ಕ್ರೂ ಹತ್ತಿರವೇ ಸುಟ್ಟಿರ್ತವೆ, ವೈರಿನ ನಡುವೆ ಅಲ್ಲ. ಇನ್ಸುಲೇಷನ್ 8ರಿಂದ 10 ಮಿಲಿಮೀಟರ್ ಮಾತ್ರ ಬಿಡಿಸಬೇಕು, ಟರ್ಮಿನಲ್ ಎಷ್ಟು ಆಳ ಇದೆಯೋ ಅಷ್ಟು. ತಾಮ್ರ ಹೊರಗೆ ಇಣುಕಬಾರದು, ಇನ್ಸುಲೇಷನ್ ಸ್ಕ್ರೂ ಅಡಿಗೆ ಹೋಗಬಾರದು. ಹಲ್ಲಲ್ಲಿ ಕಚ್ಚಿ, ಚಾಕುವಲ್ಲಿ ಸುತ್ತ ಕೊಯ್ದು ಬಿಡಿಸಿದರೆ ಎಳೆಗಳು ಕತ್ತರಿಸಿ ಹೋಗ್ತವೆ, ಸ್ಟ್ರಿಪ್ಪರ್ ಬಳಸಿ. ಎಳೆ ಎಳೆಯಾದ ವೈರ್ ಸಣ್ಣದಿದ್ದರೆ ಹೊಸೆದು ಎರಡಾಗಿ ಮಡಿಸಿ ತೂರಿಸಿ, ಒಂದು ಎಳೆಯೂ ಹೊರಗೆ ಉಳಿಯಬಾರದು. ಬಿಗಿ ಮಾಡಿದ ಮೇಲೆ ವೈರನ್ನು ಜಗ್ಗಿ ನೋಡಿ. ಜಗ್ಗಿದಾಗ ಬಂದರೆ ಈಗಲೇ ಬರಲಿ.

ಭೌತಶಾಸ್ತ್ರದ_ಮೇಷ್ಟ್ರು

ಸಡಿಲ ಜಾಯಿಂಟ್ ಯಾಕೆ ಸುಡುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ. ಶಾಖ ಎಂದರೆ ಕರೆಂಟಿನ ವರ್ಗ ಗುಣಿಸು ರೋಧ. ಜಾಯಿಂಟಿನಲ್ಲಿ ಒಂದು ಓಮ್ ರೋಧ ಬಂತು, ಅದರ ಮೂಲಕ 5 ಆಂಪಿಯರ್ ಹರಿಯಿತು ಎಂದುಕೊಳ್ಳಿ. ಐದೈದಲ ಇಪ್ಪತ್ತೈದು ವ್ಯಾಟ್. ಬೆಸುಗೆ ಹಾಕುವ ಕಬ್ಬಿಣದಷ್ಟು ಶಾಖ, ಅವರೆಕಾಳಿನಷ್ಟು ಜಾಗದಲ್ಲಿ, ಮುಚ್ಚಿದ ಡಬ್ಬಿಯೊಳಗೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಎಂಸಿಬಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ. ಎಲ್‌ಇಡಿ ದೀಪವೊಂದೇ ಆದರೆ 5 ಆಂಪಿಯರ್ ಹರಿಯುವುದಿಲ್ಲ, ನಿಜ. ಆದರೆ ಅದೇ ಬೋರ್ಡಿನಿಂದ ಇಸ್ತ್ರಿಪೆಟ್ಟಿಗೆಯ ಸಾಕೆಟ್ಟಿಗೂ ಲೂಪ್ ಎಳೆದಿರುತ್ತಾರೆ.

ಬಯಲು_ಗಾಳಿ

ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಹೊಸೆದು ಟೇಪ್ ಸುತ್ತೂದೂ ಹಂಗ ಅಲ್ರಿ? ನಮ್ಮ ಹಳೇ ಮನ್ಯಾಗ ಅಂಥಾ ಜಾಯಿಂಟ್ ಬಾಳ ಇದ್ವು.

ಹಳೇ_ವೈರ್‌ಮನ್

ಹೌದ್ರಿ, ಅದು ಇನ್ನೂ ಬೇಗ ಕೆಡುತ್ತೆ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಕಟ್ಟುತ್ತೆ, ಅದು ಕರೆಂಟ್ ಬಿಡಲ್ಲ. ಬಿಸಿಯಾದಾಗ ಎರಡು ಲೋಹ ಒಂದೇ ಅಳತೆಯಲ್ಲಿ ಹಿಗ್ಗಲ್ಲ, ಸಡಿಲ ಆಗುತ್ತೆ. ತೇವ ಸೇರಿದರೆ ತಿಂದುಹಾಕುತ್ತೆ. ಎರಡಕ್ಕೂ ಅಂತಲೇ ಮಾಡಿದ ಕನೆಕ್ಟರ್ ಬೇಕು, ಅಥವಾ ತಾಮ್ರದ್ದೇ ಹೊಸ ವೈರ್ ಎಳೀಬೇಕು.

ಮೊದಲ_ಮಹಡಿ

ನಡುವೆ ಬಂದು ಕೇಳ್ತಿರೋದಕ್ಕೆ ಕ್ಷಮಿಸಿ, ನಮ್ಮದೂ ಸ್ವಿಚ್ಚಿನದೇ ಸಮಸ್ಯೆ. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ ಇವೆ. ವರ್ಷಗಳಿಂದ ಚೆನ್ನಾಗೇ ಇತ್ತು. ಹೋದ ತಿಂಗಳು ಎರಡೂ ಮಹಡಿಗೆ ಬೇರೆ ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳೋ ಸ್ವಿಚ್) ಹಾಕಿಸಿದ್ವಿ. ಅವತ್ತಿಂದ ಮೆಟ್ಟಿಲ ದೀಪ ಹಾಕಿದ ಕೂಡಲೇ ಎರಡೂ ಮಹಡಿ ಕತ್ತಲು. ದೀಪ ಬದಲಿಸಿದೆವು, ಸ್ವಿಚ್ ಬದಲಿಸಿದೆವು. ಆರ್‌ಸಿಸಿಬಿಯೇ ಕೆಟ್ಟದ್ದು, ತೆಗೆಸಿಬಿಡಿ ಅಂತ ಮನೆಯಲ್ಲಿ ಹೇಳ್ತಿದ್ದಾರೆ.

ಹಳೇ_ವೈರ್‌ಮನ್

ತೆಗೆಸಬೇಡಿ ಮೇಡಂ, ಅದು ಸರಿಯಾಗೇ ಕೆಲಸ ಮಾಡ್ತಿದೆ. ಇದರಲ್ಲಿ ತಪ್ಪು ಮಾಡಿರೋದು ವೈರ್ ಉಳಿಸೋಕೆ ಹೋದವರು.

ಟೂ ವೇ ಕಟ್ಟೋದು ಹೀಗೆ: ಒಂದು ಸ್ವಿಚ್ಚಿನ ಕಾಮನ್ ಟರ್ಮಿನಲಿಗೆ ಫೇಸ್. ಎರಡು ಸ್ವಿಚ್‌ಗಳ ನಡುವೆ ಎರಡು ವೈರ್ ಓಡಬೇಕು. ಇನ್ನೊಂದು ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ. ದೀಪದ ಇನ್ನೊಂದು ತುದಿಗೆ ನ್ಯೂಟ್ರಲ್ ನೇರ. ಫೇಸ್ ಯಾವ ಸರ್ಕ್ಯೂಟಿನದೋ ನ್ಯೂಟ್ರಲೂ ಅದೇ ಸರ್ಕ್ಯೂಟಿನದಾಗಿರಬೇಕು. ನಿಮ್ಮಲ್ಲಿ ಫೇಸ್ ಕೆಳಗಿನ ಬೋರ್ಡಿಂದ ಬಂದಿದೆ, ನ್ಯೂಟ್ರಲನ್ನು ಮೇಲೆ ಹತ್ತಿರ ಸಿಕ್ಕಿತು ಅಂತ ಮೇಲಿನ ಮಹಡಿಯಿಂದ ಹಿಡಿದಿದ್ದಾರೆ.

ಆರ್‌ಸಿಸಿಬಿ ಮಾಡೋದು ಒಂದೇ ಲೆಕ್ಕ, ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ. ಕೆಳಗಿನದಕ್ಕೆ ಹೋದದ್ದು ವಾಪಸ್ ಬರಲಿಲ್ಲ, ಮೇಲಿನದಕ್ಕೆ ಹೋಗದೇ ಇದ್ದದ್ದು ಬಂತು. ಎರಡೂ ಬಿದ್ದವು.

ಆರ್‌ಸಿಸಿಬಿ ಇಲ್ಲದಿದ್ದಾಗ ಇದು ಸುಮ್ಮನಿತ್ತು, ಆದರೆ ಅಪಾಯ ಆಗಲೂ ಇತ್ತು. ಯಾರಾದರೂ ಮೇಲಿನ ಮಹಡಿಯ ಎಂಸಿಬಿ ಇಳಿಸಿ, ಕರೆಂಟ್ ಇಲ್ಲ ಅಂತ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದರೆ, ಕೆಳಗಿನ ಫೇಸ್ ಮೆಟ್ಟಿಲ ಬಲ್ಬಿನ ಮೂಲಕ ಬಂದು ಆ ಬಿಚ್ಚಿದ ತುದಿಯಲ್ಲಿ ನಿಂತಿರುತ್ತೆ. ನಾನು ಕೆಲಸ ಕಲಿಯೋವಾಗ ನನ್ನ ಗುರುಗಳಿಗೆ ಹೀಗೇ ಹೊಡೆದಿತ್ತು. ಕಪ್ಪು ವೈರ್ ಅಂತ ಧೈರ್ಯವಾಗಿ ಹಿಡಿದಿದ್ದರು. ಗೋಡೆಗೆ ಒರಗಿಸಿದ್ದ ಏಣಿಯಿಂದ ಕೆಳಗೆ ಬಿದ್ದು ಭುಜ ಮುರಿಯಿತು. ಅವತ್ತಿನಿಂದ ನಾನು ನ್ಯೂಟ್ರಲನ್ನೂ ಟೆಸ್ಟರ್ ಇಡದೆ ಮುಟ್ಟಿಲ್ಲ.

ಕೆಳಗಿನ ಬೋರ್ಡಿಂದಲೇ ಒಂದು ನ್ಯೂಟ್ರಲ್ ವೈರ್ ದೀಪದವರೆಗೆ ಎಳೆಸಿ. ಹಾಗೇ ಎಲೆಕ್ಟ್ರಿಷಿಯನ್ ಹತ್ತಿರ ಎರಡೂ ಸ್ವಿಚ್ ಬಿಚ್ಚಿಸಿ ನೋಡಿ. ಕೆಲವರು ಒಂದೊಂದು ಸ್ವಿಚ್ಚಿಗೂ ಫೇಸ್ ನ್ಯೂಟ್ರಲ್ ಎರಡನ್ನೂ ಕೊಟ್ಟು, ಕಾಮನ್‌ಗಳ ನಡುವೆ ದೀಪ ಕಟ್ಟಿರ್ತಾರೆ. ಅದರಲ್ಲಿ ದೀಪ ಆರಿದಾಗ ಒಮ್ಮೊಮ್ಮೆ ಬಲ್ಬಿನ ಎರಡೂ ತುದಿಯಲ್ಲಿ ಫೇಸ್ ಇರುತ್ತೆ. ಹಾಗಿದ್ದರೆ ಅದನ್ನೂ ಕಿತ್ತು ಹೊಸದಾಗಿ ಕಟ್ಟಿಸಿ.

ಕಿರಿಯ_ಕೈ

ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಯಾಕೆ ಬೇಕು? ಶಾಕ್ ಹೊಡೆದರೆ ಎಂಸಿಬಿ ಬೀಳಲ್ವಾ?

ಭೌತಶಾಸ್ತ್ರದ_ಮೇಷ್ಟ್ರು

ಬೀಳುವುದಿಲ್ಲ. ಒದ್ದೆ ಕೈಯ ಮನುಷ್ಯನ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. ದೀಪದ ಎಂಸಿಬಿ 6 ಆಂಪಿಯರಿನದು, ಅದಕ್ಕೆ ಇದು ಇನ್ನೊಂದು ಬಲ್ಬ್ ಉರಿದ ಹಾಗೆ. ಹೃದಯಕ್ಕೆ ಅಷ್ಟು ಧಾರಾಳವಾಗಿ ಸಾಕು. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರಿನದಾಗಿರುವುದು ಇದಕ್ಕೇ, ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ ಬೀಳಬೇಕು. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು. ಆದರೂ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಏನೂ ಸೋರದಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ನೀವೂ ಒಂದು ಬಲ್ಬ್ ಎಂದೇ ಅದು ತಿಳಿಯುತ್ತದೆ.

ಹಳೇ_ವೈರ್‌ಮನ್

ಎಂಸಿಬಿ ಪದೇ ಪದೇ ಬೀಳುತ್ತೆ ಅಂತ 6 ಆಂಪ್ ತೆಗೆದು 20 ಆಂಪ್ ಹಾಕೋದೂ ಬೇಡ. ದೀಪದ 1 ಅಥವಾ 1.5 ಚದರ ಮಿಲಿಮೀಟರ್ ವೈರ್ ಅಷ್ಟನ್ನು ತಾಳಲ್ಲ, ಎಂಸಿಬಿ ಬೀಳೋ ಮೊದಲೇ ಗೋಡೆಯೊಳಗೆ ವೈರ್ ಬೇಯುತ್ತೆ.

ನೀಲಿ_ಬಾಗಿಲು

ಬಚ್ಚಲುಮನೆಗೆ ಎಂಥ ದೀಪ ಹಾಕಬೇಕು?

ಹಳೇ_ವೈರ್‌ಮನ್

ನೀರು ಸಿಡಿಯೋ ಕಡೆ ಕನಿಷ್ಠ ಐಪಿಎಕ್ಸ್4 ಅಥವಾ ಐಪಿ44 ಗುರುತಿನದು. ಸ್ವಿಚ್ ಬಾಗಿಲ ಹೊರಗೆ ಇರಲಿ.

ಹಜಾರದ_ದೀಪ

ಕೊನೆಗೂ ತೂಗುದೀಪ ಮೇಲೇರಿತು. ಬೋರ್ಡಿಂದ ಹಸಿರು ವೈರ್ ಎಳೆಸಿದೆ, ಪೈಪಿನಲ್ಲಿ ಸಲೀಸಾಗಿ ಬಂತು. ದೀಪದ ಭಾರ ವೈರಿನ ಮೇಲೆ ಬೀಳದ ಹಾಗೆ ಛಾವಣಿಯ ಕೊಕ್ಕೆಗೆ ಸರಪಳಿ ಹಾಕಿ, ವೈರನ್ನು ಸಡಿಲವಾಗಿ ಬಿಟ್ಟರು. ಲೋಹದ ಮೈಯಿಂದ ಬೋರ್ಡಿನ ಅರ್ಥ್‌ವರೆಗೆ ಮೀಟರಿನಲ್ಲಿ ಕಂಟಿನ್ಯುಟಿ (ಎಲ್ಲೂ ಕಡಿಯದೆ ಸೇರಿದೆಯಾ ಅಂತ) ನೋಡಿದರು, ಬೀಪ್ ಬಂತು. ಅವರು ಜಾಯಿಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡುವಾಗ ಇಲ್ಲಿ ಓದಿದ್ದು ನೆನಪಾಯ್ತು.

ಹಾಗೇ ಮನೆಯ ಉಳಿದ 11 ದೀಪಗಳನ್ನೂ ನೋಡಿಸಿದೆ. ಹಿಂದಿನ ಕೋಣೆಯದೂ ಅದಲು ಬದಲಾಗಿತ್ತು, ಅದನ್ನೂ ಸರಿ ಮಾಡಿಸಿದೆ.

ಮೊದಲ_ಮಹಡಿ

ನಮ್ಮದೂ ಸರಿಹೋಯ್ತು. ಹಳೇ ವೈರ್‌ಮನ್ ಅವರು ಹೇಳಿದ ಹಾಗೇ ನ್ಯೂಟ್ರಲ್ ಮೇಲಿನ ಮಹಡಿಯದಾಗಿತ್ತು. ಕೆಳಗಿಂದ ಒಂದೇ ಒಂದು ವೈರ್ ಎಳೆದದ್ದಕ್ಕೆ ಎರಡೂ ಆರ್‌ಸಿಸಿಬಿ ಬೀಳೋದು ನಿಂತಿತು. ಮನೆಯವರೂ ಈಗ ತೆಗೆಸೋ ಮಾತು ಆಡ್ತಿಲ್ಲ.

ಹಳೇ_ವೈರ್‌ಮನ್

ಇಬ್ಬರದೂ ಕೇಳಿ ಮನಸ್ಸಿಗೆ ಸಮಾಧಾನ ಆಯ್ತು. ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇದೆ, ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ ಬೀಳುತ್ತಾ ನೋಡಿ. ಬಹಳ ಕಾಲ ಅಲುಗಾಡದೆ ಇದ್ದರೆ ಒಳಗಿನ ಯಂತ್ರ ಹಿಡ್ಕೊಂಡುಬಿಡುತ್ತೆ. ಹಜಾರದ ಸರ್, ಡಿಬಿ ಬಾಗಿಲ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಅಂತ ಬರೆದಿಟ್ಟಿದ್ದೀರಾ?

ಹಜಾರದ_ದೀಪ

ಮಗಳು ಬರೆದು ಅಂಟಿಸಿದ್ದಾಳೆ. ಎಂಟು ಸಾಲು ಇದೆ. ಕೊನೇ ಸಾಲನ್ನು ಕೆಂಪು ಪೆನ್ನಲ್ಲಿ ಬರೆದಿದ್ದಾಳೆ: "ಹಜಾರ, ಅಡುಗೆಮನೆ ದೀಪ: ಮೇನ್ ಇಳಿಸಿದರೂ ಇನ್ವರ್ಟರ್ ಕರೆಂಟ್ ಇರುತ್ತೆ. ಎರಡೂ ಇಳಿಸಿ, ಟೆಸ್ಟರ್ ಇಡಿ, ಆಮೇಲೆ ಮುಟ್ಟಿ."